ಕ್ಲಚ್ ಇಲ್ಲದ ಲಾರಿ

ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದ ಮೇಲೆ ನಮ್ಮಣ್ಣ ಆಸ್ಪತ್ರೆಯ ಮಂಚದಿಂದ ನನ್ನನ್ನು ಕೇಳಿದ ಮೊದಲ ಮಾತು: "ಕ್ಲಚ್ ಇಲ್ದಿರೋ ಗಾಡಿ ಸಿಗ್ತೈತೇನ್ಲಾ?"

ಸಕ್ಕರೆ ಕಾಯಿಲೆಯಿಂದ ಬೆರಳು ಕಪ್ಪಾಗಿ, ಬೆರಳಿನಿಂದ ಪಾದಕ್ಕೆ ಹತ್ತಿ, ಕೊನೆಗೆ ಕಾಲೇ ಹೋಗಿತ್ತು. ಬಾಗಿಲ ಬಳಿ ನಿಂತ ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ಇವನಿಗೆ ಗಾಡಿಯ ಚಿಂತೆ. ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನಗೆ ಅಳು ಬರುವುದಿಲ್ಲ, ಅದೊಂದು ಅನುಕೂಲ.

ಅಣ್ಣ ಶ್ರೀನಿವಾಸಪುರದ ಮಂಡಿಗಳಿಂದ ಮಾವಿನ ಲೋಡು ಹೊತ್ತು ಊರೂರು ತಿರುಗಿದವನು. ನಾನು ಕೋಲಾರದ ರಸ್ತೆಯಲ್ಲಿ ಶೆಡ್ ಹಾಕಿಕೊಂಡು ಅಂಥ ಲಾರಿಗಳ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವವನು. ಅವನು ಕೆಡಿಸುವುದು, ನಾನು ಸರಿ ಮಾಡುವುದು ಎಂದು ಮನೆಯಲ್ಲಿ ತಮಾಷೆಯಿತ್ತು. ಸ್ಟೇರಿಂಗ್ ಇಲ್ಲದ ಅಣ್ಣನನ್ನು ನಾನು ನೋಡಿರಲಿಲ್ಲ, ನೋಡುವ ಧೈರ್ಯವೂ ಇರಲಿಲ್ಲ. ಆದ್ದರಿಂದ ಹುಡುಕಿದೆ.

ಎಡಗಾಲಲ್ಲಿ ಒತ್ತುವ ಕ್ಲಚ್ ಇಲ್ಲದ, ಬಲಗಾಲೊಂದರಲ್ಲೇ ಓಡಿಸಬಹುದಾದ ಎರಡೇ ಪೆಡಲಿನ ಸಣ್ಣ ಆಟೋಮ್ಯಾಟಿಕ್ ಲಾರಿಯೊಂದು ಮಾಲೂರಿನಲ್ಲಿ ಒಬ್ಬರ ಹಿತ್ತಲಲ್ಲಿ ನಿಂತಿತ್ತು. ಗೇರ್‌ಬಾಕ್ಸ್ ಪೂರ್ತಿ ಹೋಗಿದೆ ಎಂದು ಹೇಳಿಯೇ ಕೊಟ್ಟರು. ಅದಕ್ಕೆ ಹೊಂದುವ ಹಳೇ ಬಾಕ್ಸ್ ಕೋಲಾರದ ಗುಜರಿ ಅಂಗಡಿಯಲ್ಲಿ ಸಿಕ್ಕಿತು, ಅಪಘಾತವಾದ ಗಾಡಿಯದು. ಅಂಗಡಿಯ ಭಾಯ್ ನನಗೆ ಹಳೆಯ ಪರಿಚಯ.

"ಹಂಗೇ ಕೂರ್ಸಿ ನೋಡಿ, ಬಿಚ್ಬೇಡಿ," ಎಂದರು. "ಇದು ಗೇರ್‌ಬಾಕ್ಸ್ ಅಲ್ಲ, ಗಡಿಯಾರ. ಬಿಚ್ಚಿದೋರನ್ನ ನೋಡಿದೀನಿ, ವಾಪಸ್ ಕಟ್ಟಿದೋರನ್ನ ನೋಡಿಲ್ಲ."

ಬಾಕ್ಸನ್ನು ಶೆಡ್ಡಿಗೆ ತಂದು ತಳದ ತಟ್ಟೆ ಕಳಚಿದೆ. ಕೆಂಪಗಿರಬೇಕಾದ ಎಣ್ಣೆ ಕಪ್ಪಾಗಿ, ಸೀದ ವಾಸನೆ ಬರುತ್ತಿತ್ತು. ಒಳಗಿನ ಪ್ಲೇಟುಗಳು ಸುಟ್ಟಿವೆ ಎಂದು ಅರ್ಥ. ಹಾಗೇ ಕೂರಿಸಿದರೆ ಲೋಡಿನ ಸಮೇತ ಎಲ್ಲೋ ನಡುದಾರಿಯಲ್ಲಿ ನಿಲ್ಲುತ್ತದೆ, ಒಂಟಿ ಕಾಲಿನವನು ಇಳಿದು ಯಾರನ್ನು ಕೂಗಬೇಕು? ರಿಪೇರಿಗೆ ಬೆಂಗಳೂರಿಗೆ ಕಳಿಸಿದರೆ ಮಾವಿನ ಕಾಲ ಮುಗಿದ ಮೇಲೆ ವಾಪಸ್ ಬರುತ್ತದೆ. ನಾನೇ ಬಿಚ್ಚೋಣವೆಂದರೆ ಜೀವಮಾನದಲ್ಲಿ ಆಟೋಮ್ಯಾಟಿಕ್ಕಿನ ಹೊಟ್ಟೆ ನೋಡಿದವನಲ್ಲ. ಬೆಳಗ್ಗೆ ಬಿಚ್ಚುತ್ತೇನೆ ಎನ್ನುವುದು, ಸಂಜೆ ಬೇಡವೆಂದು ಗೋಣಿ ಹೊದಿಸುವುದು. ನನ್ನ ಕೈಯ ಮೇಲೆ ನನಗೇ ನಂಬಿಕೆ ಹೋದದ್ದು ಅದೇ ಮೊದಲು.

ಅಣ್ಣ ಊರುಗೋಲು ಊರಿಕೊಂಡು ಬಂದು ಆ ಗೋಣಿ ಎಳೆದು ಹಾಕಿದ.

"ನೀನು ಕಟ್ಟಿದ್ರೆ ಓಡಿಸ್ತೀನಿ. ಬೇರೆಯೋರು ಕಟ್ಟಿದ್ದು ನಂಗ್ಯಾಕೆ? ಏಂ ಕಾದು ಬಿಡ್ಲೇ."

ಏಂ ಕಾದು, ಏನೂ ಆಗಲ್ಲ. ಈ ತೆಲುಗು ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಅಣ್ಣ ಅದನ್ನು ಹೇಳಿಯೇ ಘಾಟಿ ಹತ್ತಿದವನು, ಹೇಳಿಯೇ ಬೆರಳಿನ ಗಾಯಕ್ಕೆ ಅರಿಶಿನ ಮೆತ್ತಿಕೊಂಡವನು. ಅಷ್ಟು ಗೊತ್ತಿದ್ದೂ ನಾನು ಸ್ಪ್ಯಾನರ್ ಹಿಡಿದೆ.

ಆಟೋಮ್ಯಾಟಿಕ್ಕಿಗೆ ಧೂಳೇ ಶತ್ರು. ಒರೆಸುವ ಬಟ್ಟೆಯ ಒಂದು ಎಳೆ ಒಳಗೆ ಸೇರಿದರೂ ಎಣ್ಣೆಯ ದಾರಿ ಕಟ್ಟುತ್ತದೆ. ಶೆಡ್ ತೊಳೆದು, ಟಾರ್ಪಾಲು ಹಾಸಿ, ಚಪ್ಪಲಿ ಹೊರಗೆ ಬಿಡಬೇಕೆಂದು ಕಟ್ಟುನಿಟ್ಟು ಮಾಡಿದೆ. "ದೇವಸ್ಥಾನ ಮಾಡ್ಬಿಟ್ಟೆ ಕಣೋ," ಎಂದು ನಗುತ್ತಾ ಅಣ್ಣ ತನ್ನ ಒಂದೇ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟ. ಹೊಸ ಪ್ಲೇಟುಗಳನ್ನು ಎಣ್ಣೆಯಲ್ಲಿ ನೆನೆಸಿ, ಒಂದೊಂದಾಗಿ ಕೈಗೆ ಕೊಡುತ್ತಿದ್ದ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಅಷ್ಟು ಮಾತಾಡಿದ್ದು ಆಗಲೇ. ನಡುನಡುವೆ ಮುಖ ಕಿವುಚಿ, "ಇಲ್ದಿರೋ ಕಾಲು ಕಡೀತೈತೆ, ಯಾರಿಗ್ಹೇಳ್ಲಿ," ಎನ್ನುತ್ತಿದ್ದ. ಇಬ್ಬರೂ ನಗುತ್ತಿದ್ದೆವು.

ಗೇರ್ ಬದಲಿಸಲು ಎಣ್ಣೆಯನ್ನು ಅತ್ತಿತ್ತ ತಿರುಗಿಸುವ ಭಾಗವೊಂದಿದೆ. ಅದರ ಕಾಲುವೆಗಳಲ್ಲಿ ಬಟಾಣಿ ಗಾತ್ರದ ಉಕ್ಕಿನ ಗುಂಡುಗಳು ಕೂತಿರುತ್ತವೆ. ಆ ಭಾಗವನ್ನು ಎತ್ತುವಾಗ ಗುಂಡುಗಳು ಉದುರಿದವು. ಎಲ್ಲ ಸಿಕ್ಕವು, ಒಂದು ಮಾತ್ರ ಇಲ್ಲ. ಅದಿಲ್ಲದೆ ಬಾಕ್ಸ್ ಕಟ್ಟುವಂತಿಲ್ಲ. ಟಾರ್ಪಾಲು ಕೊಡವಿದೆ, ಹಳೇ ಸ್ಪೀಕರಿನ ಮ್ಯಾಗ್ನೆಟ್ಟಿಗೆ ದಾರ ಕಟ್ಟಿ ನೆಲವೆಲ್ಲ ಎಳೆದಾಡಿದೆ. ಅಣ್ಣನೂ ಊರುಗೋಲಿನ ಮೇಲೆ ಕುಪ್ಪಳಿಸುತ್ತಾ ಮೂಲೆಮೂಲೆ ಹುಡುಕಿದ. "ಎಲ್ಲಿ ಹೋಯ್ತದೆ? ಇಲ್ಲೇ ಇರ್ತೈತೆ," ಎನ್ನುತ್ತಾ ಸುಸ್ತಾಗಿ ಸ್ಟೂಲಿನ ಮೇಲೆ ಕೂತು ಕಾಲು ಚಾಚಿದ.

ಅವನ ಅಂಗಾಲು ನನ್ನ ಕಡೆಗಿತ್ತು. ಹೆಬ್ಬೆರಳಿನ ಬುಡದಲ್ಲಿ ಏನೋ ಮಿಂಚಿತು.

ಗುಂಡು ಅರ್ಧ ಹೂತುಹೋಗಿತ್ತು. ಸುತ್ತ ರಕ್ತ. ಇಡೀ ಮೈಯ ಭಾರ ಹಾಕಿ ಅದರ ಮೇಲೆಯೇ ಅವನು ಶೆಡ್ಡೆಲ್ಲ ಕುಪ್ಪಳಿಸಿದ್ದ. ನಾನು ಉಗುರಿನಿಂದ ಅದನ್ನು ಎಬ್ಬಿಸಿ ತೆಗೆಯುವಾಗಲೂ ಅವನು ಬೇರೆಲ್ಲೋ ನೋಡುತ್ತಿದ್ದ.

"ಸಿಕ್ತಾ?" ಎಂದ.

ಅಂಗೈ ತೆರೆದು ತೋರಿಸಿದೆ. ಅವನು ಗುಂಡನ್ನು ನೋಡಿದ, ನನ್ನ ಬೆರಳಿನ ರಕ್ತ ನೋಡಿದ, ಬಗ್ಗಿ ತನ್ನ ಪಾದ ನೋಡಿಕೊಂಡ.

"ಏಂ ಕಾಲೇದು ಕಣೋ," ಎಂದ. ಏನೂ ಆಗಲೇ ಇಲ್ಲವಂತೆ. ಹೆಬ್ಬೆರಳಿನ ಬುಡವನ್ನು ಒತ್ತಿ ನೋಡಿಕೊಂಡು, "ಬ್ರೇಕ್ ಮೇಲೆ ಇಟ್ರೂ ಗೊತ್ತಾಗಲ್ಲ, ಅಲ್ವೇನ್ಲಾ?" ಎಂದು ಕೇಳಿದ. ಇದ್ದ ಒಂದು ಕಾಲೂ ಅದೇ ಕಾಯಿಲೆಗೆ ಮರಗಟ್ಟಿ, ಬದುಕಿದಂತೆ ನಟಿಸುತ್ತಿತ್ತು. ಅವತ್ತು ನನಗೆ ಸಿಟ್ಟು ಬರಲಿಲ್ಲ. ಎಣ್ಣೆಯ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಪಾದದ ಗಾಯ ಮಾಗಲು ಬಹಳ ಕಾಲ ಹಿಡಿಯಿತು, ಆದರೂ ಮಾಗಿತು. ಬಿಡಿಭಾಗಗಳನ್ನು ಗುಜರಿಗೆ ತೂಕಕ್ಕೆ ಹಾಕಿಬಿಡುತ್ತೇನೆ ಎಂದಾಗ ಅಣ್ಣ ಒಪ್ಪಲಿಲ್ಲ. "ಬಿಚ್ಚಿದ್ದನ್ನ ಹಂಗೇ ಬಿಡ್ಬೇಡ. ಕಟ್ಟು. ನಂಗಲ್ಲ, ಯಾರಾದ್ರೂ ಓಡಿಸ್ಲಿ," ಎಂದ. ಕಟ್ಟಿದೆ. ನಾನು ಕಟ್ಟಿದ ಬಾಕ್ಸ್‌ಗಳಲ್ಲಿ ಅಷ್ಟು ನಯವಾಗಿ ಓಡಿದ್ದು ಇನ್ನೊಂದಿಲ್ಲ.

ಮುಳಬಾಗಿಲಿನವರೊಬ್ಬರು ಲಾರಿ ಕೊಂಡರು. ಅವರು ಹೊರಟಾಗ ಅಣ್ಣ ಶೆಡ್ಡಿನ ಮುಂದಿನ ಸ್ಟೂಲಿನಲ್ಲಿ ಕೂತಿದ್ದ. ಲಾರಿ ದಿಣ್ಣೆ ಹತ್ತುತ್ತಾ ಗೇರ್ ಬದಲಿಸಿದ ಸದ್ದು ಕೇಳಿತು. ಅವನ ಲುಂಗಿಯೊಳಗೆ ಎಡಗಾಲಿನ ಮೋಟು ಮೆಲ್ಲಗೆ ಮುಂದಕ್ಕೆ ಒತ್ತಿ ಹಿಂದಕ್ಕೆ ಬಂತು. ಮತ್ತೆ ಗೇರ್ ಬದಲಾಯಿತು, ಮತ್ತೆ ಒತ್ತಿತು. ಆ ಲಾರಿಗೆ ಕ್ಲಚ್ಚೇ ಇರಲಿಲ್ಲ.