ತಡಮೆ ಇಲ್ಲದ ನಕ್ಷೆ

ನನಗೆ ದಿಕ್ಕು ತಿಳಿಯುವುದಿಲ್ಲ. ಇದನ್ನು ಹೇಳಿಕೊಳ್ಳಲು ಮೊದಲೆಲ್ಲ ನಾಚಿಕೆಯಾಗುತ್ತಿತ್ತು, ಈಗ ಅದೂ ಹೋಗಿದೆ. ಹಂಪನಕಟ್ಟೆಯಲ್ಲಿ ಬಸ್ಸಿಳಿದು ರಥಬೀದಿಗೆ ಹೊರಟವನು ಕಂಕನಾಡಿ ತಲುಪಿ, ಅಲ್ಲೊಂದು ಚಾ ಕುಡಿದು, ಇಲ್ಲಿಗೇ ಬರಬೇಕಿತ್ತು ಎಂಬ ಮುಖ ಮಾಡಿಕೊಂಡು ಹಿಂದಿರುಗಿದ್ದುಂಟು. ಶಾಲೆಯಲ್ಲಿ ಮಕ್ಕಳಿಗೆ ಭೂಗೋಳ ಕಲಿಸುವವನೂ ನಾನೇ. ಭೂಪಟದಲ್ಲಿ ಉತ್ತರ ದಿಕ್ಕು ಯಾವಾಗಲೂ ಮೇಲೆಯೇ ಇರುವುದರಿಂದ ಅಲ್ಲಿ ಕಷ್ಟವಿಲ್ಲ. ನನ್ನ ತೊಂದರೆಯೆಲ್ಲ ನೆಲದ ಮೇಲೆ. ಇಂಥ ನನ್ನನ್ನು, ಕಾಟಿಪಳ್ಳದಲ್ಲಿ ನಾವೀಗ ವಾಸವಾಗಿರುವ ಬೀದಿಗಳನ್ನು ಎಲ್ಲೆಲ್ಲಿ ಹಾಕಬೇಕೆಂದು ತೀರ್ಮಾನಿಸುವ ಸಮಿತಿಗೆ ಸೇರಿಸಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ನನ್ನ ಹೆಂಡತಿ ಇವತ್ತಿಗೂ ನಂಬಿಲ್ಲ.

ನಾವು ಮೂಲತಃ ಪಣಂಬೂರಿನವರು. ಕಡಲಿನ ಮಗ್ಗುಲಲ್ಲಿ ಹೊಯ್ಗೆಯ ನೆಲ, ಕಾಲಿಟ್ಟಲ್ಲೆಲ್ಲ ಮರಳು, ತೆಂಗು, ನಾಲ್ಕು ಗದ್ದೆ, ಬಗ್ಗಿದರೆ ಕೈಗೆಟಕುವಂತಿದ್ದ ಬಾವಿಯ ನೀರು. ಅಲ್ಲಿ ದೊಡ್ಡ ಬಂದರು ಆಗುತ್ತದೆ, ನೀವೆಲ್ಲ ಏಳಬೇಕು ಎಂದು ಸರಕಾರ ಹೇಳಿತು. ಮೊದಲು ಯಾರೂ ನಂಬಲಿಲ್ಲ, ಆಮೇಲೆ ಸಿಟ್ಟಾದರು, ಆಮೇಲೆ ಅತ್ತರು, ಕೊನೆಗೆ ಕಾಟಿಪಳ್ಳದ ಗುಡ್ಡವನ್ನು ನೋಡಿ ಬಂದರು. ಅಲ್ಲಿ ಗೇರುಮರ, ಮುರಕಲ್ಲು, ಬಿಸಿಲು. ಹೊಯ್ಗೆಯ ಮೇಲೆ ನಡೆದು ಅಭ್ಯಾಸವಾದ ನಮ್ಮ ಕಾಲುಗಳಿಗೆ ಆ ಕೆಂಪು ಕಲ್ಲು ಒಂದು ದಿನದಲ್ಲೇ ಬುದ್ಧಿ ಕಲಿಸಿತು.

ಗುಡ್ಡದಲ್ಲಿ ಊರು ಕಟ್ಟುವ ಕೆಲಸಕ್ಕೆ ಬಂದ ಇಂಜಿನಿಯರರು ಘಟ್ಟದ ಮೇಲಿನವರು, ಎಳೆಯ ವಯಸ್ಸು. ಹೆಸರು ಹೇಳಿದರೆ ಅವರಿಗೆ ಮುಜುಗರವಾದೀತು, ಬೇಡ. ಅವರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಏನು ಮಾಡುವ ಮೊದಲೂ ಕೇಳುತ್ತಿದ್ದರು. "ಇರುವವರು ನೀವು, ನೀವೇ ಹೇಳಿ" ಎನ್ನುತ್ತಿದ್ದರು. ಸರಕಾರದ ಕಡೆಯಿಂದ ಪ್ರಶ್ನೆ ಬಂದು ನಮಗೆ ಅಭ್ಯಾಸವಿಲ್ಲದ್ದರಿಂದ ಊರಿನವರು ಮೊದಮೊದಲು ಇದರಲ್ಲಿ ಏನೋ ಮೋಸವಿದೆ ಎಂದೇ ತಿಳಿದರು. ಅವರ ಕನ್ನಡ ನಮ್ಮವರಿಗೆ ಅರ್ಧ ತಿಳಿಯುತ್ತಿತ್ತು, ನಮ್ಮ ತುಳು, ಬ್ಯಾರಿ ಭಾಷೆಗಳು ಅವರಿಗೆ ಒಂದಿಷ್ಟೂ ತಿಳಿಯುತ್ತಿರಲಿಲ್ಲ. ನಡುವೆ ಮಾತು ದಾಟಿಸಲು ಒಬ್ಬ ಮೇಷ್ಟ್ರು ಬೇಕಾಯಿತು. ನಾನು ಸಮಿತಿಗೆ ಸೇರಿದ ಬಗೆ ಇದು.

ಶಾಲೆಯ ಜಗಲಿಯಲ್ಲಿ ಮೊದಲ ಸಭೆ. ಮೇಜಿನ ಮೇಲೆ ನಕ್ಷೆ ಹರಡಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲಿಟ್ಟರು. ಎಲ್ಲರೂ ಗಂಭೀರವಾಗಿ ಬಗ್ಗಿ ನೋಡಿದರು. ಯಾರಿಗೂ ಏನೂ ಅರ್ಥವಾಗಲಿಲ್ಲ, ಆದರೆ ಅಭಿಪ್ರಾಯಕ್ಕೇನೂ ಬರಗಾಲವಿರಲಿಲ್ಲ. ಬಸ್ಸು ಹತ್ತಿರ ನಿಲ್ಲಬೇಕು, ತನ್ನ ಮನೆಯ ಮುಂದೆ ನಿಲ್ಲಬಾರದು. ಶಾಲೆ ಪಕ್ಕದಲ್ಲಿರಬೇಕು, ಮಕ್ಕಳ ಗಲಾಟೆ ಕೇಳಬಾರದು. ಮೂಲೆಯ ನಿವೇಶನ ಎಲ್ಲರಿಗೂ ಬೇಕು. ಒಂದು ಬೀದಿಗೆ ಅಷ್ಟೊಂದು ಮೂಲೆ ಇರಲು ಸಾಧ್ಯವಿಲ್ಲವೆಂದು ಇಂಜಿನಿಯರರು ವಿವರಿಸಿದಾಗ, "ಬೀದಿಯನ್ನು ಸ್ವಲ್ಪ ಬಗ್ಗಿಸಿದರೆ ಆಗ್ತದಲ್ಲ" ಎಂದು ಒಬ್ಬರು ದಾರಿ ತೋರಿಸಿದರು. ನಾನು ಎಲ್ಲವನ್ನೂ ಒಳ್ಳೆಯ ಕನ್ನಡಕ್ಕೆ ತಂದು ಒಪ್ಪಿಸುತ್ತಿದ್ದೆ. ಜಗಳವನ್ನು ಸಲಹೆಯ ರೂಪಕ್ಕೆ ತರುವ ಕಲೆ ನನಗೆ ಸಿದ್ಧಿಸಿದ್ದು ಆ ಜಗಲಿಯಲ್ಲೇ.

ಇದೆಲ್ಲ ನಗುವ ಮಾತಾಯಿತು. ನಗಲಾರದ್ದು ಒಂದಿತ್ತು. ಯಾರಿಗೆ ಯಾವ ನಿವೇಶನ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುವುದು ಎಂದಾಗಿತ್ತು. ಪಕ್ಷಪಾತವಿಲ್ಲದ ದಾರಿ, ಯಾರೂ ತಪ್ಪು ಹೇಳುವಂತಿಲ್ಲ. ಅಂದು ಮನೆಗೆ ಬಂದು ಈ ಸುದ್ದಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು.

"ಹಾಗಾದ್ರೆ ಐಸಮ್ಮ ಎಲ್ಲಿಗೆ, ನಾನು ಎಲ್ಲಿಗೆ?"

ಐಸಮ್ಮ ನಮ್ಮ ಪಕ್ಕದ ಮನೆಯವರು. ಅವರ ಗಂಡ ಮೋನು ಬ್ಯಾರಿಯವರದು ಅಕ್ಕಿಯ ಅಂಗಡಿ. ಅಮ್ಮ ಎಂಬುದು ಹೆಸರಿನಲ್ಲೇ ಇದ್ದುದರಿಂದ ನಾನು ಅವರಿಗೆ ಬೇರೆ ಸಂಬಂಧ ಹಚ್ಚಬೇಕಾಗಿ ಬರಲಿಲ್ಲ. ಎರಡು ಮನೆಗಳ ನಡುವೆ ಒಂದು ಬೇಲಿ, ಬೇಲಿಯಲ್ಲೊಂದು ತಡಮೆ. ನಮ್ಮ ಕಡೆಯವರಲ್ಲದ ಓದುಗರಿಗಾಗಿ ಹೇಳಬೇಕು: ಬೇಲಿಯಲ್ಲಿ ಮನುಷ್ಯ ದಾಟಲು ಬಿಟ್ಟ ಕಂಡಿಯೇ ತಡಮೆ. ಅಡ್ಡಕ್ಕೆ ಮೊಣಕಾಲೆತ್ತರಕ್ಕೆ ಮರದ ತುಂಡೋ ಕಲ್ಲೋ ಇರುತ್ತದೆ. ಮನುಷ್ಯ ಕಾಲೆತ್ತಿ ದಾಟುತ್ತಾನೆ, ದನ ದಾಟುವುದಿಲ್ಲ. ಆ ತಡಮೆಯಲ್ಲಿ ಅತ್ತಿಂದಿತ್ತ ಹೋಗದೆ ಇದ್ದದ್ದು ಯಾವುದು? ಒಲೆಯ ಕೆಂಡ, ಒಂದು ತುಂಡು ಶುಂಠಿ, ಮುಳ್ಳುಸೌತೆ, ಹೆರಿಗೆ ನೋವಿನ ಸುದ್ದಿ, ಸೊಸೆಯ ಮೇಲಿನ ದೂರು. ನಾನು ಹುಟ್ಟಿದ ಸುದ್ದಿಯೂ ಮನೆಯ ಮುಂಬಾಗಿಲು ತಲುಪುವ ಮೊದಲು ತಡಮೆ ದಾಟಿತ್ತಂತೆ.

ಹಳೆಯ ಗೆಳೆತನ ಮಾತ್ರವಾಗಿದ್ದರೆ ವಾರಕ್ಕೊಮ್ಮೆ ಹೋಗಿ ಬಂದರಾಯಿತು ಎನ್ನಬಹುದಿತ್ತು. ಆದರೆ ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸಿಯೂ ಹೆಚ್ಚು ಫಲ ಸಿಗಲಿಲ್ಲ. ಬೆಳಕು, ಕತ್ತಲೆ, ಎದುರು ನಿಂತವರ ನೆರಳು, ಅಷ್ಟೇ ತಿಳಿಯುತ್ತಿತ್ತು. ಯಾರ ಕೈಯೂ ಹಿಡಿಯದೆ ಅವಳು ಹೋಗಬಲ್ಲ ಮನೆ ಲೋಕದಲ್ಲಿ ಒಂದೇ ಇತ್ತು, ಅದು ಐಸಮ್ಮನದು. ಚೀಟಿಯಲ್ಲಿ ಅವರೊಂದು ಬೀದಿಗೆ, ನಾವೊಂದು ಬೀದಿಗೆ ಹೋದರೆ ಅಮ್ಮ ಗುಡ್ಡದ ಮನೆಯ ಜಗಲಿಯಲ್ಲಿ ಕೂತಲ್ಲೇ ಉಳಿಯುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಆದರೆ ಸಮಿತಿಯಲ್ಲಿ ಕೂತವನು ತನ್ನ ತಾಯಿಯ ವಿಷಯ ಎತ್ತುವುದು ಹೇಗೆ? ಮೂಲೆ ನಿವೇಶನ ಕೇಳಿದವರನ್ನು ನೋಡಿ ಮನಸ್ಸಿನಲ್ಲೇ ನಕ್ಕವನು ನಾನು. ಬಾಯಿ ಮುಚ್ಚಿಕೊಂಡಿದ್ದೆ, ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ದಾರಿ ತೆರೆದದ್ದು ಮೋನು ಬ್ಯಾರಿಯವರು, ಅದೂ ಗೊತ್ತಿಲ್ಲದೆ. ಮೂರನೆಯದೋ ನಾಲ್ಕನೆಯದೋ ಸಭೆಯಲ್ಲಿ ಅವರಿಗೆ ನಕ್ಷೆ ನೋಡಿ ನೋಡಿ ಸಾಕಾಯಿತು. "ಕಾಗದದಲ್ಲಿ ಎಂತ ಗೊತ್ತಾಗ್ತದೆ ಮಾರಾಯ್ರೇ? ಕಡಲ ಬದಿಯಲ್ಲಿ ಬೇಕಾದಷ್ಟು ಹೊಯ್ಗೆ ಉಂಟು. ಅಲ್ಲಿ ಗೆರೆ ಎಳೀರಿ. ನಾವು ನಡೆದು ನೋಡ್ತೇವೆ" ಎಂದರು. ಬೇರೆ ಯಾರಾದರೂ ಆಗಿದ್ದರೆ ನಕ್ಕುಬಿಡುತ್ತಿದ್ದರು. ನಮ್ಮ ಇಂಜಿನಿಯರರು ಹುಡುಗನಂತೆ ಖುಷಿಪಟ್ಟರು.

ಒಂದು ಆದಿತ್ಯವಾರ, ಕಡಲು ಇಳಿದಿದ್ದ ಹೊತ್ತಿನಲ್ಲಿ, ಹಸಿ ಹೊಯ್ಗೆಯ ಮೇಲೆ ಹಗ್ಗ ಹಿಡಿದು ಕೋಲಿನಿಂದ ಗೆರೆ ಎಳೆದರು. ಬೀದಿಗಳು, ಅಡ್ಡಬೀದಿಗಳು, ಒಂದೊಂದು ಮನೆಗೂ ಒಂದೊಂದು ಚೌಕ. ಶಾಲೆಯ ಸಭೆಗೆ ಬಾರದಿದ್ದ ಹೆಂಗಸರೂ ಮಕ್ಕಳನ್ನೆತ್ತಿಕೊಂಡು ಬಂದರು. ಜಗಲಿ ಗಂಡಸರದ್ದು ಎಂದು ಯಾರೋ ಎಂದೋ ತೀರ್ಮಾನಿಸಿದ್ದರು, ಕಡಲ ಬದಿಯ ಬಗ್ಗೆ ಅಂಥ ತೀರ್ಮಾನ ಆಗಿರಲಿಲ್ಲ. ಇದು ಪ್ರಯೋಗಕ್ಕೆ ಮಾತ್ರ ಎಂದು ಹೇಳಿ ಚೀಟಿ ಎತ್ತಿಸಿ, ಅವರವರ ಚೌಕದಲ್ಲಿ ನಿಲ್ಲಲು ಹೇಳಿದರು. ನಮಗೆ ತೆಂಕಣ ತುದಿಯ ಚೌಕ ಬಂತು. ಅದು ತೆಂಕಣ ತುದಿ ಎಂದು ನನಗೆ ಆಮೇಲೆ ಹೇಳಿದರು. ಐಸಮ್ಮನವರಿಗೆ ದೊಡ್ಡ ಬೀದಿಯ ಆಚೆ, ಇನ್ನೊಂದು ಕೊನೆಗೆ. ಅಮ್ಮನನ್ನು ಕರೆತಂದು ನಮ್ಮ ಚೌಕದ ನಡುವೆ ನಿಲ್ಲಿಸಿದೆ. ಅವಳು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಇಂಜಿನಿಯರರು ಎತ್ತರದ ದಿಣ್ಣೆಯೊಂದನ್ನು ಹತ್ತಿ ಕಾಗದ ತೆಗೆದು, ಬೀದಿಯ ಅಗಲ ಸಾಕೇ ಎಂದು ಕೇಳಲು ಶುರುಮಾಡಿದರು. ನಾನು ಅವರ ಬಳಿ ಹೋಗಿ ಮಾತು ದಾಟಿಸುತ್ತ ನಿಂತೆ. ಸ್ವಲ್ಪ ಹೊತ್ತು ಎಲ್ಲ ಸರಿಯಾಗಿತ್ತು. ಆಮೇಲೆ ಯಾರೋ ಎಲೆ ಅಡಿಕೆಗೆಂದು ಪಕ್ಕದ ಚೌಕಕ್ಕೆ ಹೋದರು. ಮತ್ತೊಬ್ಬರು ಮಗುವನ್ನು ಒಂದು ಗಳಿಗೆ ಹಿಡಿದುಕೊಳ್ಳಲು ಕೊಟ್ಟು ಬರಲು ಹೋದರು. ಹೋದವರು ಹಿಂದೆ ಬರಲಿಲ್ಲ. ಕಾಗದದಿಂದ ತಲೆ ಎತ್ತಿ ನೋಡಿದರೆ ಅರ್ಧಕ್ಕರ್ಧ ಚೌಕ ಖಾಲಿ, ಉಳಿದವುಗಳಲ್ಲಿ ಜನವೋ ಜನ. ಯಾರು ಯಾರ ಪಕ್ಕದಲ್ಲಿದ್ದರೋ ಅವರೇ ಅವರ ಪಕ್ಕದಲ್ಲಿ. ಗುಡ್ಡದ ಹೊಸ ಊರಿನ ಗೆರೆಗಳ ಮೇಲೆ ನಮ್ಮ ಹಳೆಯ ಪಣಂಬೂರು ಯಾರೂ ಹೇಳದೆ ಬಂದು ನಿಂತಿತ್ತು. ನನಗೆ ನಾಚಿಕೆಯಾಗಿ, "ಕ್ಷಮಿಸಿ ಸರ್, ನಮ್ಮವರಿಗೆ ಶಿಸ್ತು ಇಲ್ಲ, ಪುನಃ ನಿಲ್ಲಿಸ್ತೇನೆ" ಎಂದೆ.

"ಬೇಡಿ ಮೇಷ್ಟ್ರೇ, ಯಾರನ್ನೂ ಅಲುಗಾಡಿಸಬೇಡಿ" ಎಂದರು ಅವರು. ನಿಂತವರನ್ನು ನೋಡುತ್ತ ಸರಸರನೆ ಪೆನ್ಸಿಲಿನಲ್ಲಿ ಗುರುತು ಹಾಕತೊಡಗಿದರು.

ಆಗ ಅಮ್ಮ ನಡೆಯುತ್ತಿರುವುದು ಕಂಡಿತು. ಐಸಮ್ಮನ ದನಿ ಬಂದ ಕಡೆಗೆ ಮುಖ ಮಾಡಿ, ಕೈ ಸ್ವಲ್ಪ ಮುಂದೆ ಚಾಚಿ, ನಾಲ್ಕು ಜನರ ಮನೆ, ಅಡುಗೆಕೋಣೆ, ಅಂಗಳ, ಎಲ್ಲದರ ಮೇಲೆ ನೆಟ್ಟಗೆ ಬರುತ್ತಿದ್ದಳು. ನಾನು ಓಡಿದೆ, ಇಂಜಿನಿಯರರೂ ಹಿಂದೆಯೇ ಬಂದರು. ಅವಳನ್ನು ನಗಿಸಲೆಂದು ಅವರು, "ಅಮ್ಮಾ, ನೀವು ಗೋಡೆ ತೂರಿಕೊಂಡು ಬಂದುಬಿಟ್ಟಿರಲ್ಲ" ಎಂದರು.

ನನ್ನ ಅಮ್ಮ ಕನ್ನಡ ಕಲಿತದ್ದು ಯಕ್ಷಗಾನ ನೋಡಿ. ಸರಕಾರದವರೊಡನೆ ಮಾತಾಡುವಾಗ ಬಾಯಿಗೆ ಬರುವುದೂ ಅದೇ. ನಿಂತಲ್ಲೇ ಸೆರಗು ಸರಿಮಾಡಿಕೊಂಡು ಹೇಳಿದಳು. "ಅಯ್ಯಾ, ಗೋಡೆಯ ಮಾತು ಹಾಗಿರಲಿ. ಇಷ್ಟೊಂದು ಮನೆಗಳನ್ನು ನಿರ್ಮಿಸಿದ ತಾವು ಒಂದಾದರೂ ತಡಮೆಯನ್ನು ಇರಿಸಲಿಲ್ಲವೇ?"

ಸುತ್ತ ಇದ್ದವರು ನಕ್ಕರು. ಇಂಜಿನಿಯರರು ನಗಲಿಲ್ಲ. ತಡಮೆ ಎಂದರೇನು ಎಂದು ಕೇಳಿದರು. ಹೇಳಲು ನಾನು ಬಾಯಿ ತೆರೆಯುವ ಮೊದಲೇ ಹೆಂಗಸರೆಲ್ಲ ಒಟ್ಟಿಗೆ ಹೇಳತೊಡಗಿದರು, ಮೂರು ಭಾಷೆಯಲ್ಲಿ. ಐಸಮ್ಮ ಅಮ್ಮನ ಕೈ ಹಿಡಿದುಕೊಂಡು, "ಇವಳಿಗೆ ಕಣ್ಣು ಕಾಣುವುದಿಲ್ಲ, ದೊಡ್ಡ ರಸ್ತೆ ದಾಟಿ ನನ್ನಲ್ಲಿಗೆ ಹೇಗೆ ಬರ್ತಾಳೆ, ಕೇಳು ಅವರತ್ರ" ಎಂದು ನನ್ನನ್ನು ಗದರಿಸಿದರು. ನಾನು ಅಷ್ಟು ದಿನ ಹೇಳಲಾರದೆ ಇಟ್ಟುಕೊಂಡಿದ್ದ ಮಾತು ಅದು. ಅಕ್ಷರಕ್ಕೆ ಅಕ್ಷರ ದಾಟಿಸಿದೆ, ಏನೂ ಸೇರಿಸಲಿಲ್ಲ.

ಸಂಜೆಗೆ ಕಡಲು ಏರಿ ಬೀದಿಗಳನ್ನೆಲ್ಲ ಅಳಿಸಿಹಾಕಿತು. ಆದರೆ ಪೆನ್ಸಿಲಿನ ಗುರುತು ಉಳಿಯಿತು. ಮೇಲಿನವರೊಡನೆ ಇಂಜಿನಿಯರರು ಏನು ವಾದ ಮಾಡಿದರೋ ತಿಳಿಯದು. ಮುಂದಿನ ತಿಂಗಳು ಅವರು ತಂದ ನಕ್ಷೆಯಲ್ಲಿ ಹತ್ತಿರ ಹತ್ತಿರದ ಮನೆಗಳನ್ನು ಒಂದು ಗುಂಪು ಮಾಡಿ, ಗುಂಪಿಗೆ ಒಂದು ಚೀಟಿ ಎಂದಾಗಿತ್ತು. ಹಿತ್ತಲುಗಳ ನಡುವೆ ಚುಕ್ಕಿ ಚುಕ್ಕಿಯಾಗಿ ಒಂದು ಗೆರೆ, ಅದರ ಮೇಲೆ ಸಣ್ಣ ಅಕ್ಷರದಲ್ಲಿ 'ತಡಮೆ' ಎಂದು ಬರೆದಿತ್ತು. ಸರಕಾರದ ಕಾಗದದಲ್ಲಿದ್ದ ಆ ಪದವನ್ನು ನಾನು ಎರಡೆರಡು ಸಲ ಓದಿದೆ.

ಸಿಂಧೂ ಬಯಲಿನಲ್ಲಿ ನೆಲ ಅಗೆದಾಗ ಸಿಕ್ಕಿದ ನಗರಗಳ ಬೀದಿಗಳು ನೂಲು ಹಿಡಿದಂತೆ ನೇರವಾಗಿವೆಯಂತೆ. ಮಕ್ಕಳಿಗೆ ಪಾಠ ಮಾಡುವಾಗ ನಾನೂ ಹೆಮ್ಮೆಯಿಂದ ಹೇಳುತ್ತೇನೆ. ಚರಂಡಿ ಸಿಕ್ಕಿದೆ, ಇಟ್ಟಿಗೆ ಸಿಕ್ಕಿದೆ, ಸ್ನಾನದ ಕೊಳ ಸಿಕ್ಕಿದೆ. ಅಲ್ಲಿನ ಹೆಂಗಸರು ಒಂದು ಹಿಡಿ ಉಪ್ಪು ಬೇಕಾದಾಗ ಆ ನೇರ ಬೀದಿಯನ್ನೆಲ್ಲ ಸುತ್ತಿ ಹೋಗುತ್ತಿದ್ದರೇ? ಎಲ್ಲೋ ಒಂದು ಕಂಡಿ ಇದ್ದೇ ಇದ್ದೀತು. ಅಗೆದವರಿಗೆ ಅದು ಗೋಡೆ ಬಿದ್ದ ಜಾಗವಾಗಿ ಕಂಡಿರಬೇಕು.

ನಾವು ಗುಡ್ಡಕ್ಕೆ ಬಂದು ಈಗ ಕೆಲವು ವರ್ಷವಾಯಿತು. ನೀರಿಗೆ ಕಷ್ಟ ಇದೆ, ಬಾವಿ ಪಾತಾಳಕ್ಕಿಳಿದಿದೆ, ಕಡಲಿನ ಸದ್ದಿಲ್ಲದೆ ಮೊದಲೆಲ್ಲ ಯಾರಿಗೂ ನಿದ್ದೆ ಹತ್ತುತ್ತಿರಲಿಲ್ಲ. ಆದರೂ ನೆರೆಯವರು ನೆರೆಯವರಾಗಿಯೇ ಉಳಿದಿದ್ದೇವೆ. ಇದೊಂದು ಉಪಕಾರವನ್ನು ನೆನೆಯದ ದಿನವಿಲ್ಲ. ಅಮ್ಮನಿಗೆ ಈಗ ನೆರಳೂ ಕಾಣುವುದಿಲ್ಲ. ಬೆಳಗಿನ ಗಂಜಿ ಮುಗಿಸಿ ಹಿತ್ತಲ ಬಾಗಿಲಿನಿಂದ ಹೊರಡುತ್ತಾಳೆ, ಬಾಳೆಗಿಡ ಮುಟ್ಟಿ, ಒಗೆಯುವ ಕಲ್ಲು ಮುಟ್ಟಿ, ತಡಮೆಯಲ್ಲಿ ಕಾಲೆತ್ತಿ, ಐಸಮ್ಮನ ಜಗಲಿಯಲ್ಲಿ ಕೂರುತ್ತಾಳೆ. ಯಾರ ಕೈಯೂ ಬೇಡ.

ಕಳೆದ ಬೇಸಗೆಯಲ್ಲಿ, ಬೇರೆ ಊರಿಗೆ ವರ್ಗವಾಗಿದ್ದ ಇಂಜಿನಿಯರರು ನಮ್ಮನ್ನು ನೋಡಲು ಬಂದರು. ಬಸ್ಸಿಳಿದವರನ್ನು ಕರೆತರಲು ನಾನೇ ಹೋಗಿದ್ದೆ. ಬೀದಿ ಹಾಕಿದವರು ಜೊತೆಗಿದ್ದಾರೆಂಬ ಧೈರ್ಯದಲ್ಲಿ ನಾನು ನಡೆದೆ, ಊರಿನವನು ಜೊತೆಗಿದ್ದಾನೆಂಬ ಧೈರ್ಯದಲ್ಲಿ ಅವರು. ಮಾತಾಡುತ್ತ ಮಾತಾಡುತ್ತ ಇಬ್ಬರೂ ದಾರಿ ತಪ್ಪಿದೆವು. ಗೇರುಮರಗಳು ಬೆಳೆದಿದ್ದವು, ಎಲ್ಲ ಮನೆಗಳೂ ಒಂದೇ ಬಣ್ಣ. ಯಾರದೋ ಹಿತ್ತಲಿನಲ್ಲಿ ನಿಂತು, ಎಡಕ್ಕೋ ಬಲಕ್ಕೋ ಎಂದು ಚರ್ಚೆ ಮಾಡುತ್ತಿದ್ದಾಗ ಬೇಲಿಯ ಆಚೆಯಿಂದ ಅಮ್ಮನ ದನಿ ಕೇಳಿತು.

"ಯಾರದು? ಗೋಡೆಯ ಇಂಜಿನಿಯರರೇ?"

ನಾವು ನಿಂತದ್ದು ಐಸಮ್ಮನ ಹಿತ್ತಲು. ಅಮ್ಮ ತಡಮೆಯ ಬಳಿ ಬಂದು ಕೈ ಚಾಚಿದಳು, ಅವರು ಹಿಡಿದುಕೊಂಡರು. ಧನ್ಯವಾದ ಹೇಳಬೇಕೆಂದು ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಕನ್ನಡವೆಲ್ಲ ಮರೆತುಹೋಯಿತು. ಅಮ್ಮನೂ ಯಕ್ಷಗಾನದ ಕನ್ನಡ ಬಿಟ್ಟಿದ್ದಳು. ನನಗೆ ಹೇಳುವ ಹಾಗೆಯೇ, ತುಳುವಿನಲ್ಲಿ, ಅವರಿಗೆ ಹೇಳಿದಳು:

"ಮೆಲ್ಲಗೆ ಮಗಾ. ಇಲ್ಲಿ ಕಾಲೆತ್ತಿ ಇಡು."

ದಾಟಿಸುವವನು ಬೇಕಾಗಲಿಲ್ಲ. ಅವರು ಕಾಲೆತ್ತಿ ಇಟ್ಟರು.