ಮೂರು ದಿನದ ಗಾಡಿಮನೆ

ಮೂರೇ ದಿನ ಎಂದು ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದೆ. ಮೂರು ದಿನ ನಿಮ್ಮ ಗಾಡಿಯಲ್ಲಿ ತಿರುಗುತ್ತೇನೆ, ಹಿಡಿಸಿದರೆ ಇಟ್ಟುಕೊಳ್ಳೋಣ, ಇಲ್ಲದಿದ್ದರೆ ನಾಲ್ಕನೆಯ ದಿನ ಮಾರಿಬಿಡಬೇಕು. ನಮ್ಮ ಯಜಮಾನರು ಹೂಂ ಎಂದರು. ಉತ್ತರ ಬಾರದ ಪ್ರಶ್ನೆಗೆ ಎದ್ದು ನಿಂತವರ ಮುಖ ಅದು. ಹೊಸಪೇಟೆಯ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳಿಗೆ ಆ ಮುಖ ಗುರುತು ಸಿಗದೇ ಇರುತ್ತದೆಯೇ?

ಅವರು ಸಂಡೂರಿನ ಗಣಿಗಳಿಂದ ಅದಿರು ಲಾರಿ ಓಡಿಸಿದವರು. ಲಾರಿ ಬಿಟ್ಟ ಮೇಲೆ ಕೈಗೆ ಫೋನು ಬಂತು, ಫೋನಿನೊಳಗೆ ಅಮೆರಿಕದ ಮುದುಕ ಮುದುಕಿಯರು ಬಂದರು. ಮನೆಯಂಥದೇ ಗಾಡಿ, ಒಳಗೆ ಮಂಚ, ಒಲೆ, ನಲ್ಲಿ. ಹೆದ್ದಾರಿ ಬಿಟ್ಟು ಹೊಲಗಳ ನಡುವಿನ ದಾರಿಯಲ್ಲಿ ಹೋಗುವುದು, ಮನಸ್ಸು ಬಂದಲ್ಲಿ ನಿಲ್ಲುವುದು, ಬೇಯಿಸಿಕೊಂಡು ಉಣ್ಣುವುದು. "ನೋಡ್ ಇಲ್ಲಿ, ಎಷ್ಟ್ ಮಸ್ತ್ ಅದಾರ" ಎಂದು ದಿನಕ್ಕೆ ಹತ್ತು ಸಲ ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದರು. ಕೊನೆಗೆ ಮದುವೆ ದಿಬ್ಬಣಗಳಿಗೆ ಓಡುತ್ತಿದ್ದ ಹಳೆಯ ಮಿನಿಬಸ್ಸೊಂದನ್ನು ತಂದು, ಸೀಟು ಕಿತ್ತು, ವರ್ಷವಿಡೀ ಹಿತ್ತಲಲ್ಲಿ ಕುಟ್ಟುತ್ತ ಕೂತರು. ಬೀದಿಯವರೆಲ್ಲ ಬಂದು ನೋಡಿ ನಕ್ಕು ಹೋದರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಆದರೆ ಒಲೆ ಕೂಡಿಸಿದ ದಿನ ನನಗೂ ಒಂದು ಆಸೆ ಹುಟ್ಟಿತು. ಲಾರಿಯ ಕಾಲದಲ್ಲಿ ಇವರು ಹೊತ್ತಲ್ಲದ ಹೊತ್ತಿಗೆ ಬಂದು "ಊಟ ಆತು" ಎಂದು ಮಲಗುತ್ತಿದ್ದರು. ಬುಟ್ಟಿಯಲ್ಲಿ ಮುಚ್ಚಿಟ್ಟ ರೊಟ್ಟಿ ಹಾಗೇ ಉಳಿಯುತ್ತಿತ್ತು. ಈ ಮನುಷ್ಯ ಇಷ್ಟು ವರ್ಷ ಉಂಡ ದಾರಿಯಲ್ಲೇ ಕೂತು, ಒಮ್ಮೆಯಾದರೂ, ಬಿಸಿ ರೊಟ್ಟಿ ನಾನು ಬಡಿಸಬೇಕು. ಜೋಳದ ಹಿಟ್ಟು, ಶೇಂಗಾ ಚಟ್ನಿ, ಬದನೆಕಾಯಿ ಕಟ್ಟಿಕೊಂಡು ಹತ್ತಿದೆ.

ಮೊದಲ ದಿನ ಪಾಪಿನಾಯಕನಹಳ್ಳಿಯ ಹತ್ತಿರ, ಒಂದು ಹೊಲದ ಬದುವಿನ ಬೇವಿನ ಮರದ ಕೆಳಗೆ ನಿಲ್ಲಿಸಿದೆವು. ಹಿಟ್ಟಿಗೆ ನೀರು ಕಾಯಿಸಲು ಇಟ್ಟಿದ್ದೆ ಅಷ್ಟೆ. ಕಳೆ ತೆಗೆಯುತ್ತಿದ್ದ ಹೆಂಗಸೊಬ್ಬಳು ಬಂದು ಇಣುಕಿದಳು.

"ಗಾಡಿ ಕೆಟ್ಟೈತೇನ್ರಿ?"

"ಇಲ್ಲಮ್ಮ, ಅಡಿಗಿ ಮಾಡಾಕ ನಿಂತೀವಿ."

"ಅಯ್ಯ ಶಿವನ! ನಮ್ಮನಿ ಅಲ್ಲೇ ಕಾಣಸ್ತೈತಿ, ರೋಡಿನ್ಯಾಗ ಒಲಿ ಹಚ್ಚೋದು ಏನು ಕರ್ಮ ಬಂದೈತ್ರಿ ನಿಮಗ? ಏಳ್ರಿ, ಜಲ್ದಿ ಬರ್ರಿ."

ಬ್ಯಾಡ ಎಂದರೆ ಕೇಳುವ ಹೆಂಗಸಲ್ಲ. ನನ್ನ ಒಲೆಯನ್ನು ತಾನೇ ಆರಿಸಿದಳು! ಯಜಮಾನರು ಪಂಚೆ ಎತ್ತಿ ಕಟ್ಟಿ ಅವಳ ಹಿಂದೆ ಹೊರಟರು. ಊಟ ಚೆನ್ನಾಗಿಯೇ ಇತ್ತು. ನನ್ನ ಕಣ್ಣು ಮಾತ್ರ ಬೇವಿನ ಮರದ ಕೆಳಗಿನ ಗಾಡಿಯ ಮೇಲೆಯೇ ಇತ್ತು.

ಎರಡನೆಯ ದಿನ ಸಂಡೂರು. ಬೆಳಿಗ್ಗೆ ಒಳದಾರಿ ಹಿಡಿದು ಬೆಟ್ಟಗಳ ನಡುವೆ ಹೋದೆವು. ದಾರಿಯೇನೋ ಚಂದ. ಮರದ ಕೆಳಗೆ ನಿಲ್ಲಿಸಿ ಎಂದೆ. ಇವರ ಕೈಗೆ ಹಳೆಯ ರೂಢಿ. ತೂಕದ ಕಟ್ಟೆಯ ಮುಂದೆ ಟಿಪ್ಪರುಗಳ ಸಾಲು ಕಂಡದ್ದೇ ತಡ, ನೆಟ್ಟಗೆ ಹೋಗಿ ಅದರ ಬಾಲಕ್ಕೆ ನಿಲ್ಲಿಸಿ ಇಂಜಿನ್ ಆರಿಸಿದರು. ಹಿಂದೆ ಇನ್ನೆರಡು ಟಿಪ್ಪರು ಬಂದು ನಿಂತವು. ಅದಿರಿನ ಲೋಡಿನಂತೆ ನಾವೂ ತೂಕಕ್ಕೆ ಕಾಯುತ್ತಿದ್ದೆವು. "ಏನ್ರೀ ಇದು!" ಎಂದು ನಾನು ಕೂಗುವಷ್ಟರಲ್ಲಿ ಡ್ರೈವರುಗಳು ಇವರ ಗುರುತು ಹಿಡಿದು, ಎದುರಿನ ಖಾನಾವಳಿಗೆ ಎಳೆದುಕೊಂಡು ಹೋಗಿದ್ದರು.

ಖಾನಾವಳಿ ನಡೆಸುವಾಕೆ ನನ್ನ ವಯಸ್ಸಿನವಳು. "ಬರ್ರಿ ಅಣ್ಣಾರ, ಭಾಳ ದಿನಾ ಆತು" ಎಂದವಳೇ ತವೆಯ ಮುಂದೆ ಕೂತಳು. "ಅಂಚು ಕರಕಲ ಆಗಬೇಕು ನಿಮಗ, ನೆನಪೈತಿ" ಎಂದು ರೊಟ್ಟಿ ಸುಟ್ಟು ಎಲೆಗೆ ಹಾಕಿದಳು. ಇವರು ಕಣ್ಣು ಮುಚ್ಚಿಕೊಂಡು ತಿಂದರು. ನಾನು ಮನೆಯಲ್ಲಿ ಒಂದು ಚುಕ್ಕೆ ಸುಟ್ಟರೂ ಆ ರೊಟ್ಟಿಯನ್ನು ಇವರಿಗೆ ಹಾಕಿದವಳಲ್ಲ, ನಾನೇ ತಿಂದವಳು.

ಹೊಟ್ಟೆಕಿಚ್ಚು ಬಂತು. ಅದಕ್ಕೆ ಬೇರೆ ಹೆಸರಿಲ್ಲ. ಆಕೆಯ ಮೇಲಲ್ಲ, ಪಾಪ, ಆಕೆ ಗಿರಾಕಿಯ ಮನಸ್ಸು ತಿಳಿದು ಬಡಿಸಿದಳು. ನನ್ನ ಗಂಡನಿಗೆ ಏನು ಸೇರುತ್ತದೆಂದು ಸಂಡೂರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ಆಮೇಲೆ ನಾನು ಮಾತು ಬಿಟ್ಟೆ. ಗಾಡಿ ಮಾರಿಹೋದ ಹಾಗೆಯೇ ಎಂದು ಇಬ್ಬರಿಗೂ ತಿಳಿದಿತ್ತು.

ಮೂರನೆಯ ದಿನ ಹಂಪಿಯ ಬಾಳೆತೋಟಗಳನ್ನು ದಾಟಿ ಕಂಪ್ಲಿಯ ಕಡೆ ಹೋದೆವು. ಇವರು ದಾರಿಯುದ್ದಕ್ಕೂ ಗೇರು ಮೆಲ್ಲಗೆ ಬದಲಿಸುತ್ತಿದ್ದರು, ಗಾಡಿಗೆ ನೋವಾಗಬಾರದು ಎಂಬಂತೆ. ಮಧ್ಯಾಹ್ನ ಕಾಲುವೆಯ ಏರಿಯ ಮೇಲೆ, ಭತ್ತದ ಗದ್ದೆಗಳಿಗೆ ಮುಖ ಮಾಡಿ ನಿಲ್ಲಿಸಿದರು. ನಾನು ಒಲೆ ಹಚ್ಚಿದೆ. ಹಿಟ್ಟು ನಾದಿ ಮೊದಲ ರೊಟ್ಟಿ ತವೆಗೆ ಹಾಕುವಷ್ಟರಲ್ಲಿ, ಹೆಗಲ ಮೇಲೆ ಗುದ್ದಲಿ ಹೊತ್ತ ಮುದುಕನೊಬ್ಬ ಏರಿ ಹತ್ತಿ ಬಂದ. ಗಾಡಿಯ ಗಾಲಿ ನೋಡಿದ, ನಮ್ಮನ್ನು ನೋಡಿದ, ಬಾಯಿ ತೆರೆದ.

ನನಗೆ ರೇಗಿಹೋಯಿತು. ಅವನು ಮಾತಾಡುವ ಮೊದಲೇ, ಗದ್ದಲದ ತರಗತಿಗೆ ಹಾಕುವ ದನಿಯಲ್ಲಿ ಹೇಳಿದೆ: "ಗಾಡಿ ಕೆಟ್ಟಿಲ್ಲ! ಇದು ನಮ್ಮನಿ. ಬರ್ರಿ, ಊಟಕ್ಕ ಕುಂದ್ರಿ!"

ಮುದುಕ ತಬ್ಬಿಬ್ಬಾದ. ಕರೆಯಲು ಬಂದವನನ್ನು ನಾನೇ ಕರೆದುಬಿಟ್ಟಿದ್ದೆ. ನಮ್ಮ ಕಡೆ ಮೊದಲು ಕರೆದವರದೇ ಮನೆ, ಎರಡನೆಯವರು ಅತಿಥಿಗಳು. "ಅಲ್ರೀ ಅಕ್ಕಾರ, ನಂದು ಉಂಡಾಗೈತಿ..." ಎಂದು ರಾಗ ಎಳೆದ. "ಒಂದು ರೊಟ್ಟಿ ತಿನ್ರಿ, ಏನ್ ಆಗಂಗಿಲ್ಲ" ಎಂದೆ. ಅವನು ಗುದ್ದಲಿಯನ್ನು ಗಾಡಿಗೆ ಆನಿಸಿದ. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟ. ಕಾಲು ಒರೆಸಿಕೊಂಡು ಒಳಗೆ ಬಂದು ಕೂತ.

ಮುದುಕನಿಗೆ ಮೆತ್ತಗಿನದು ಹಾಕಿದೆ. ಇವರ ರೊಟ್ಟಿಯನ್ನು ಎತ್ತಿ ಹಿಡಿದು ಉರಿಗೆ ಕೊಟ್ಟು, ಅಂಚು ಕಪ್ಪಾಗುವ ತನಕ ತಿರುಗಿಸಿ ತಟ್ಟೆಗೆ ಹಾಕಿದೆ. ಇವರು ರೊಟ್ಟಿ ನೋಡಿದರು, ತಿನ್ನಲಿಲ್ಲ.

"ಮನ್ಯಾಗ ಒಂದ್ ದಿನಾನೂ ಯಾಕ ಕೇಳಲಿಲ್ಲ?" ಎಂದೆ. ಖಾನಾವಳಿಯಿಂದ ಎದ್ದ ಮೇಲೆ ಇವರೊಡನೆ ಆಡಿದ ಮೊದಲ ಮಾತು.

"ಹೊತ್ತು ಮೀರಿ ಬರಾಂವ ನಾನು. ನೀ ಮಾಡಿ ಮುಚ್ಚಿಟ್ಟು ಕಾಯ್ಕೋತ ಕುಂತಿರ್ತಿದ್ದಿ. ಅದರಾಗ ಮತ್ತ ಹಂಗ ಬೇಕು ಹಿಂಗ ಬೇಕು ಅನ್ನಾಕ ನನಗ ಮಾರಿ ಎಲ್ಲಿತ್ತು?" ಎಂದರು, ತಟ್ಟೆಗೆ ಮುಖ ಮಾಡಿಕೊಂಡೇ.

ನಾನು ತವೆಯ ಕಡೆ ತಿರುಗಿದೆ. ಅಳು ಬಂದಿತ್ತು. ಮುಂದಿನ ರೊಟ್ಟಿ ತನ್ನಷ್ಟಕ್ಕೆ ತಾನೇ ಕರಕಲಾಯಿತು.

ಮುದುಕ ಎರಡು ತಿಂದು, ಮಜ್ಜಿಗೆ ಕುಡಿದು, "ಮನಿ ಚಲೋ ಐತ್ರಿ" ಎಂದು ಇಳಿದ. ಅವನ ಚಪ್ಪಲಿ ಒಂದು ಏರಿಯಿಂದ ಜಾರಿ ಕಾಲುವೆಯ ಅಂಚಿಗೆ ಹೋಗಿ ಬಿದ್ದಿತ್ತು. ಯಜಮಾನರು ಇಳಿದು ಎತ್ತಿಕೊಟ್ಟರು. ಬಂದು ಸ್ಟೀರಿಂಗ್ ಹಿಂದೆ ಕೂತು, ಕೀಲಿ ಹಾಕಿ, ತಿರುಗಿಸದೆ ಹಾಗೇ ಹಿಡಿದುಕೊಂಡರು.

"ಮೂರ್ ದಿನಾ ಆತು. ನಾಳಿ ಮಾರಾಕ ಹೇಳಿಬಿಡ್ಲೇನು?"

"ಮೊದ್ಲ ಮೆಟ್ಲ ಹತ್ರ ಒಂದು ಹಲಿಗಿ ಬಡೀರಿ" ಎಂದೆ. "ಮನಿಗೆ ಬಂದೋರು ಚಪ್ಪಲಿ ಎಲ್ಲಿ ಬಿಡಬೇಕು?"