ಬಾಳಾನ ಮೀಸೆ ಮತ್ತು ತೂಕ ಇಳಿಸುವ ಪುಡಿ

ಅಮದಳ್ಳಿಯ ಬಾಳಾನಂಥ ಸಪೂರ ಮನುಷ್ಯನನ್ನು ತೂಕ ಇಳಿಸುವ ಪುಡಿಯ ಜಾಹೀರಾತಿಗೆ ಹಾಕಿದವರ ತಲೆಯಲ್ಲಿ ಏನಿತ್ತೋ, ಆ ದೇವರಿಗೇ ಗೊತ್ತು. ಅಂಗಿ ಕಳಚಿದರೆ ಪಕ್ಕೆಲುಬು ಎಣಿಸಬಹುದು. ಅಂಕೋಲೆಯ ನಮ್ಮ ಒಣಮೀನಿನ ಕಂಪನಿಯಲ್ಲಿ ಮೀನು ಹರವುವುದು, ಮಗುಚುವುದು, ಕಾಗೆ ಓಡಿಸುವುದು ಅವನ ಕೆಲಸ. ಮೀಸೆ ಮಾತ್ರ ಭರ್ಜರಿ. ಆ ಮೀಸೆ ನೋಡಿಯೇ ಮಾಲಕ ಸಂದೇಶ ಅವನ ಕೈಗೆ ಎರಡು ಬಂಗಡೆ ಮೀನು ಕೊಟ್ಟು, ಫೋಟೊ ಹೊಡೆದು, ಕಂಪನಿಯ ಫೇಸ್‌ಬುಕ್ ಪುಟಕ್ಕೆ ಹಾಕಿದ್ದು. ಅಂದಿನಿಂದ ಕಾರವಾರದವರೆಗೂ ಒಣಮೀನೆಂದರೆ ಬಾಳಾನ ಮೋರೆ.

ಸಂದೇಶನಿಗೆ ಬುದ್ಧಿ ಇಲ್ಲವೆಂದು ಪ್ಯಾಕಿಂಗ್ ಮಾಡುವ ನಾನು, ಜಯಂತಿ, ಹೇಳಬಾರದು, ಅನ್ನ ಕೊಡುವವನು. ಆದರೆ ‘ನಿಮ್ಮ ಪುಟ ಬಂದ್ ಆಗುತ್ತದೆ, ಫೋನಿಗೆ ಬಂದ ನಂಬರ್ ಹೇಳಿ’ ಎಂದು ಯಾರೋ ಮೆಸೇಜು ಮಾಡಿದರೆ, ‘ಥ್ಯಾಂಕ್ಯೂ ಸರ್’ ಸೇರಿಸಿ ಕಳಿಸುವುದೇ? ಊಟದ ಹೊತ್ತಿಗೆ ಪುಟ ಹ್ಯಾಕ್ ಆಗಿತ್ತು. ಯಾರದೋ ಗುಡಾಣದಂಥ ಹೊಟ್ಟೆಯ ಮೇಲೆ ಬಾಳಾನ ತಲೆ. ಪಕ್ಕದಲ್ಲಿ ನಿಜವಾದ ಬಾಳಾ, ಕೈಯಲ್ಲಿ ಮೀನಿನ ಬದಲು ಪುಡಿಯ ಡಬ್ಬಿ. ಕೆಳಗೆ, ‘ಮೀನು ಬಿಟ್ಟೆ, ಮೂವತ್ತು ಕಿಲೋ ಇಳಿಸಿದೆ. ನೀವೂ ಬಿಡಿ!’

ಜನ ನಗಬೇಕಿತ್ತು. ನಂಬಿದರು! ಅವನನ್ನು ದಿನಾ ನೋಡುವವರೇ, “ಹೌದಾ, ಮೊದ್ಲು ದಪ್ಪ ಇದ್ದಾ” ಎಂದು ಆಣೆ ಹಾಕಿದರು. ಕೈಗಾ ಅಣುಸ್ಥಾವರದ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವರು ಪ್ಯಾಕೆಟ್ ಬೇಡವೆಂದರು. ಒಣಗಿಸುವವನೇ ತಿನ್ನುವುದಿಲ್ಲ ಎಂದಮೇಲೆ ಏನೋ ಔಷಧಿ ಹೊಡೆಯುತ್ತಾರೆ ಎಂಬ ಗುಮಾನಿ. ಎಲ್ಲಕ್ಕಿಂತ ಪೆಟ್ಟು ಬಿದ್ದದ್ದು ಬಾಳಾನ ಹೆಂಡತಿ ಗಂಗಿಗೆ. ಕಾರವಾರದ ಪೇಟೆಯಲ್ಲಿ ಅವಳು ಮಾರುವುದು ಇದೇ ಮೀನು. ತುಂಬಿದ ಬುಟ್ಟಿ ತುಂಬಿದಂತೆಯೇ ಮನೆಗೆ ಬರತೊಡಗಿತು.

ಸಂದೇಶ ಉಪಾಯ ಹೂಡಿದ. ಗಂಗಿಯ ಬುಟ್ಟಿಯ ಎದುರೇ ಬಾಳಾ ಮೀನು ತಿನ್ನಬೇಕು, ಅದನ್ನು ತನ್ನ ಫೋನಿನಿಂದ ಎಲ್ಲರಿಗೂ ಲೈವ್ ತೋರಿಸುವುದು. ಪೇಟೆಯಲ್ಲಿ ಜನ ಮುತ್ತಿದರು. ನಾನು ಬಂಗಡೆ ಸುಟ್ಟು ಕೈಗಿಟ್ಟೆ. ಬಾಳಾ ಬೆವರಿದ.

“ಒಂದ್ ತುಂಡು ತಿನ್ನಿ ಮಾರಾಯ್ರೇ,” ಎಂದಳು ಗಂಗಿ. “ಮೈ ತುರಿಸಿದ್ರೆ ನಾ ಎಣ್ಣೆ ಹಚ್ತೆ. ನನ್ನ ಗಿರಾಕಿ ಎಲ್ಲಾ ಹೋದ್ರಲಾ.”

ಮೀನು ತಿಂದರೆ ತುರಿಕೆ ಎಂದು ಅವನು ಮನೆಯಲ್ಲಿ ಹೇಳುತ್ತಿದ್ದದ್ದು ನಮಗೂ ಗೊತ್ತಿತ್ತು. ತುಟಿಯವರೆಗೆ ಒಯ್ದವನು ಕೈ ಇಳಿಸಿದ.

“ಆಗೂದಿಲ್ಲ ಗಂಗಿ. ನಮ್ಮ ಹುಡ್ಗ ಸಂದೀಪ ಹುಟ್ಟೂವಾಗ ನೀ ಉಳೂದಿಲ್ಲ ಅಂದ್ರು ಡಾಕ್ಟ್ರು. ನೀ ಉಳದ್ರೆ ಮೀನು ಬಿಡ್ತೆ ಅಂತ ದೇವ್ರಿಗೆ ಹರಕೆ ಹೇಳ್ಕಂಡೆ. ಯಾರಿಗೂ ಹೇಳ್ಬಾರ್ದು ಅಂತ ತುರಿಕೆ ಅಂದೆ.”

ಗುಂಪಿನ ಹಿಂದಿನಿಂದ ಒಬ್ಬ, “ಹಂಗಾರೆ ಪುಡಿ ಖರೇನಾ? ಎಲ್ಲಿ ಸಿಗ್ತದೆ?” ಎಂದ. ಅವನ ತಲೆಗೆ ಮೀನಿನ ಬುಟ್ಟಿಯನ್ನೇ ಕವುಚಬೇಕೆನಿಸಿತು ನನಗೆ.

ಗಂಗಿಗೆ ಅದ್ಯಾವುದೂ ಕೇಳಿಸಿರಲಿಲ್ಲ. “ತುರಿಕೆ ಬರೀ ನೆಪ, ನಾ ಮಾಡಿದ್ ಮೀನ್ ಸಾರು ನಿಮ್ಗೆ ಸೇರೂದಿಲ್ಲ ಅಂತ ಇಷ್ಟು ವರ್ಷ ಬೈದೆ,” ಎಂದಳು. ಅವನ ಕೈಯಿಂದ ಬಂಗಡೆ ಕಸಿದು ಫೋನಿನ ಮುಂದೆ ನಿಂತಳು.

“ನೋಡ್ಕಣಿ ಎಲ್ಲಾ! ಇವ್ರು ಬಿಟ್ಟದ್ದು ನನ್ನ ಜೀವಕ್ಕೆ. ಇವ್ರ ಪಾಲಿಂದೂ ನಾನೇ ತಿಂತೆ.”

ಅಳುತ್ತಲೇ ಗಬಗಬ ತಿನ್ನತೊಡಗಿದಳು. ಬಾಳಾ ಅವಳ ಬೆನ್ನ ಮೇಲೆ ಕೈಯಿಟ್ಟು, “ಮುಳ್ಳು ನೋಡ್ಕಂಡು ತಿನ್ನು,” ಎಂದ.